ಅಣ್ಣತಮ್ಮಂದಿರ ಲೆಕ್ಕ, ಗಂಡಹೆಂಡಿರ ಜಗಳ



ಶ್ರಾವಣ ಮಾಸದಲ್ಲಿ ನಾವು ಊರೂರು ತಿರುಗುತ್ತೇವೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಪ್ರವಚನ ಮುಗಿದು, ಪ್ರಸಾದವಾಗಿ, ಜನ ಚದುರಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. "ಅಪ್ಪಾರ, ಒಂದ್ ಮಾತ ಐತ್ರಿ" ಎನ್ನುತ್ತಾರೆ. ಮಳೆ, ಸಾಲ, ಮಗನ ನೌಕರಿ ಎಂದು ಸುರುವಾದ ಮಾತು ಕೊನೆಗೆ ಎರಡರಲ್ಲಿ ಒಂದು ಕಡೆ ಬಂದು ನಿಲ್ಲುತ್ತದೆ. ಅಣ್ಣತಮ್ಮಂದಿರಿಗೆ ಕೂಡಿ ಬರುತ್ತಿಲ್ಲ, ಇಲ್ಲವೆ ಗಂಡಹೆಂಡಿರಿಗೆ ಕೂಡಿ ಬರುತ್ತಿಲ್ಲ.

ಮೊದಮೊದಲು ಇವು ಎರಡು ಬೇರೆ ಬೇರೆ ರೋಗಗಳೆಂದು ನಾವು ತಿಳಿದಿದ್ದೆವು. ಹಲವು ಮನೆಗಳನ್ನು ಕಂಡ ಮೇಲೆ, ಬಹಳ ಕಡೆ ರೋಗ ಒಂದೇ ಎಂಬುದು ಮನವರಿಕೆಯಾಯಿತು. ಹಗಲು ಅಣ್ಣತಮ್ಮಂದಿರ ನಡುವೆ ಆಡದೆ ಉಳಿದ ಮಾತು ರಾತ್ರಿ ಗಂಡಹೆಂಡಿರ ನಡುವೆ ಜಗಳವಾಗಿ ಹೊರಬೀಳುತ್ತದೆ. ಊರಿನವರು ಆ ಜಗಳವನ್ನು ಮಾತ್ರ ಕೇಳುತ್ತಾರೆ. "ಸೊಸಿ ಬಂದು ಮನಿ ಒಡದಳು" ಎನ್ನುತ್ತಾರೆ. ಮನೆ ಅವಳು ಬರುವ ಮೊದಲೇ ಬಿರುಕು ಬಿಟ್ಟಿತ್ತೆಂಬುದು ಯಾರಿಗೂ ಕಾಣುವುದಿಲ್ಲ. ಈ ಸಲದ ಪಾಠಕ್ಕೆ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

1. ಒಂದು ಮನೆಯ ಸಂಗತಿ

ಮನೆಯ ಗುರುತು ಸಿಗಬಾರದೆಂದು ಬೆಳೆ, ಅಂಕಿ, ನೆಂಟಸ್ತಿಕೆಯ ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತೇವೆ. ಅಕ್ಕಲಕೋಟೆ ತಾಲೂಕಿನ ಒಂದು ಊರು. ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ. ತಂದೆ ಬೇಗ ಲಿಂಗೈಕ್ಯರಾದರು. ಹಿರಿಯನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಕುಂಟೆ ಹಿಡಿದನು. ಕಿರಿಯನು ಓದಿದನು, ಮುಂದೆ ಪೇಟೆಯಲ್ಲಿ ಅಡತಿ ಅಂಗಡಿ ಹಾಕಿದನು. ತಂಗಿಯನ್ನು ಇಂಡಿ ತಾಲೂಕಿಗೆ ಕೊಟ್ಟರು. ಹೊಲ ಇಪ್ಪತ್ತು ಎಕರೆ, ತೊಗರಿ ಮತ್ತು ಬಿಳಿಜೋಳ. ಹೊರಗಿನವರಿಗೆ ಅದು ತುಂಬಿದ ಮನೆ. ನಾವೂ ಪ್ರವಚನದಲ್ಲಿ ಒಂದೆರಡು ಸಲ ಆ ಮನೆಯ ಒಗ್ಗಟ್ಟನ್ನು ಉದಾಹರಣೆಯಾಗಿ ಹೇಳಿದ್ದುಂಟು.

ಹಿರಿಯನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು: "ನಾ ಬಿಸಲಾಗ ಸುಟ್ಟೆ, ಇಂವ ನೆರಳಾಗ ಕುಂತ." ಕಿರಿಯನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ: "ರೊಕ್ಕ ತರಾಂವ ನಾ, ಯಜಮಾನಕಿ ಮಾತ್ರ ಅಣ್ಣಂದು." ಎರಡು ಲೆಕ್ಕವೂ ಸುಳ್ಳಲ್ಲ. ಆದರೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕೇಳಿರಲಿಲ್ಲ. ಬರಗಾಲದ ಒಂದು ವರ್ಷ ಬೋರ್ ಹಾಕಿಸಲು ರೊಕ್ಕ ಬೇಕಾಯಿತು. ಕಿರಿಯ ಸೊಸೆ ತವರಿನಿಂದ ತಂದ ಆರು ತೊಲ ಬಂಗಾರವನ್ನು ಒತ್ತೆ ಇಟ್ಟರು. ತೊಗರಿ ಬಂದ ಕೂಡಲೆ ಬಿಡಿಸಿ ಕೊಡುವುದೆಂದು ಮಾತಾಯಿತು. ಎಲ್ಲಿಯೂ ಬರೆಯಲಿಲ್ಲ. "ಮನಿಯೊಳಗ ಎಂಥಾ ಬರೆಯೋದು?" ಎಂದರು. ತೊಗರಿ ಬಂತು. ಆ ವರ್ಷದ ಪಟ್ಟಿಯ ರೊಕ್ಕ ಹಿರಿಯನ ಮಗಳ ಮದುವೆಗೆ ಹೋಯಿತು. ಮರುವರ್ಷ ಟ್ರ್ಯಾಕ್ಟರಿನ ಕಂತು ಬಂತು. ಗಡುವು ಮೀರಿ ಬಂಗಾರ ಲಿಲಾವಾಯಿತು.

ಆ ಹೆಣ್ಣುಮಗಳು ಗಂಡನನ್ನು ಕೇಳಿದಳು. ಗಂಡನು ಅಣ್ಣನನ್ನು ಕೇಳಬೇಕಾಗಿತ್ತು. ಕೇಳುವ ಮುಖ ಅವನಿಗಿರಲಿಲ್ಲ. ಅಣ್ಣ ಸಾಲಿ ಬಿಟ್ಟದ್ದರಿಂದಲೇ ತನ್ನ ಸಾಲಿ ನಡೆಯಿತೆಂಬುದು ಅವನಿಗೆ ಗೊತ್ತಿತ್ತು. ಆ ಋಣವನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲೂ ಆಗಲಿಲ್ಲ, ಬಂಗಾರದ ಮಾತು ಎತ್ತಲೂ ಆಗಲಿಲ್ಲ. ನಾಚಿಕೆಯು ಸಿಟ್ಟಿನ ರೂಪ ತಾಳಿತು. "ನಮ್ಮ ಮನಿ ಒಡಿಯಾಕ ಬಂದಿ" ಎಂದು ಹೆಂಡತಿಯ ಮೇಲೆ ಹರಿಹಾಯ್ದನು. ಅತ್ತ ಹಿರಿ ಸೊಸೆಯ ಮಗಳು ಹೊಸ ಬಿಲ್ವಾರ ತೊಟ್ಟು ಪಂಚಮಿಗೆ ಬಂದಾಗ ಇತ್ತ ಕಿರಿ ಸೊಸೆಯ ಕಣ್ಣು ತುಂಬಿತು. ನೆಗೆಣ್ಣಿಯರ ನಡುವೆ ಮಾತು ನಿಂತಿತು. ಒಂದು ರಾತ್ರಿ ಗಂಡನು ಕೈ ಎತ್ತಿದನು.

ಅವಳು ನಮ್ಮ ಬಳಿ ಬಂದಿದ್ದಳು. ನಾವು ಹೇಳಿದ್ದು ಇಷ್ಟು: "ಸೈರಿಸಿಕೋ ತಂಗಿ, ಎಲ್ಲಾ ಸರಿ ಹೋಗತೈತಿ." ಈ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ. ಲೆಕ್ಕ ಕೇಳಲು ಬಂದವಳಿಗೆ ನಾವು ಸಹನೆಯ ಉಪದೇಶ ಕೊಟ್ಟೆವು. ಗಂಡನನ್ನಾಗಲಿ, ಹಿರಿಯನನ್ನಾಗಲಿ ಕರೆಸಿ ಕೇಳಲಿಲ್ಲ. ಅದು ನಮ್ಮ ತಪ್ಪು. ಎರಡು ತಿಂಗಳ ಮೇಲೆ ಅವಳು ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು.

2. ಕಲ್ಯಾಣದ ಅರಮನೆಯಲ್ಲಿ

ಇಂಥ ಮತ್ಸರ ಹಳ್ಳಿಯವರದೇ ಎಂದು ತಿಳಿಯಬೇಡಿ. ನಾವು ಪವಿತ್ರವೆಂದು ನೆನೆಯುವ ಕಲ್ಯಾಣದಲ್ಲಿಯೇ, ಬಸವಣ್ಣನವರ ಕಾಲಕ್ಕೆ ಎರಡು ಮೂರು ತಲೆಮಾರು ಮೊದಲು, ಇದೇ ನಾಟಕ ರಾಜರ ಮನೆಯಲ್ಲಿ ನಡೆದಿತ್ತು.

ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಜಲಸಮಾಧಿ ಹೊಂದಿದನು. ಹಿರಿಯ ಮಗ ಎರಡನೆಯ ಸೋಮೇಶ್ವರನು ಪಟ್ಟಕ್ಕೆ ಬಂದನು. ಕಿರಿಯನಾದ ವಿಕ್ರಮಾದಿತ್ಯನು ಶೂರ, ದಂಡಿನವರ ಮೆಚ್ಚಿನವ. ಎಂಟು ವರ್ಷ ಒಳಗೊಳಗೆ ಕುದಿದ ವೈಮನಸ್ಸು 1076ರಲ್ಲಿ ಯುದ್ಧವಾಯಿತು. ತಮ್ಮನು ಅಣ್ಣನನ್ನು ಸಿಂಹಾಸನದಿಂದ ಇಳಿಸಿ ತಾನು ಕುಳಿತನು. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದನು. ಮುಂದೆ ಅವನ ಕಿರಿಯ ತಮ್ಮ ಜಯಸಿಂಹನು ಅವನ ಮೇಲೆಯೇ ತಿರುಗಿಬಿದ್ದನು. ಅಣ್ಣನಿಗೆ ತಾನು ಮಾಡಿದ್ದನ್ನು ತಮ್ಮನು ತನಗೆ ಮಾಡುವುದನ್ನು ವಿಕ್ರಮಾದಿತ್ಯನು ಕಣ್ಣಾರೆ ಕಂಡನು.

ಇಲ್ಲಿ ಕಲಿಯಬೇಕಾದ ಇನ್ನೊಂದು ಮಾತಿದೆ. ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣನೆಂಬ ಕವಿ ಇದ್ದನು. ಅವನು ಬರೆದ 'ವಿಕ್ರಮಾಂಕದೇವಚರಿತ'ದಲ್ಲಿ ಅಣ್ಣ ದುಷ್ಟ, ತಮ್ಮ ನಿರ್ದೋಷಿ. ಗೆದ್ದವನಿಗೆ ಕವಿ ಸಿಕ್ಕಿದನು. ಸೋತವನ ಕತೆಯನ್ನು ಅವನ ಬಾಯಿಂದ ಹೇಳುವ ಕಾವ್ಯ ನಮಗೆ ಉಳಿದಿಲ್ಲ. ಶರಣಬಂಧುಗಳೆ, ನಮ್ಮ ಪ್ರತಿ ಮನೆಯಲ್ಲೂ ಪ್ರತಿಯೊಬ್ಬರ ಎದೆಯೊಳಗೆ ಒಬ್ಬ ಬಿಲ್ಹಣ ಕುಳಿತಿರುತ್ತಾನೆ. ಅಣ್ಣನ ಬಿಲ್ಹಣ ತಮ್ಮನ ತಪ್ಪುಗಳನ್ನೇ ಹಾಡುತ್ತಾನೆ, ತಮ್ಮನ ಬಿಲ್ಹಣ ಅಣ್ಣನ ತಪ್ಪುಗಳನ್ನೇ ಹಾಡುತ್ತಾನೆ. ಅವನ ಹಾಡನ್ನು ದಿನಾ ಕೇಳಿ ಕೇಳಿ ಅದೇ ಸತ್ಯವೆಂದು ನಂಬುತ್ತೇವೆ.

ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತನು 'ಮಿತಾಕ್ಷರಾ' ಎಂಬ ಗ್ರಂಥವನ್ನು ಬರೆದನು. ಅದು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ. ಅಣ್ಣತಮ್ಮಂದಿರು ಪಾಲು ಹೇಗೆ ಮಾಡಿಕೊಳ್ಳಬೇಕು, ಸ್ತ್ರೀಧನವೆಂದರೆ ಯಾವುದು ಎಂಬುದನ್ನು ಅವನು ವಿಸ್ತಾರವಾಗಿ ವಿಚಾರ ಮಾಡಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅವನ ಮತ. ಸ್ತ್ರೀಧನದ ಅರ್ಥವನ್ನೂ ಅವನು ಹಿಗ್ಗಿಸಿದನು. ಬ್ರಿಟಿಷರ ಕೋರ್ಟುಗಳು ಬಂಗಾಲದ ಕಡೆ ಬಿಟ್ಟು ದೇಶದ ಬಹುಭಾಗದಲ್ಲಿ ಅವನ ಗ್ರಂಥವನ್ನೇ ಆಧಾರವಾಗಿ ಹಿಡಿದವು. ನಮ್ಮ ಅಜ್ಜಂದಿರ ಹೊಲ ಹಂಚಿಕೆಯಾದದ್ದು ಕಲ್ಯಾಣದಲ್ಲಿ ಬರೆದ ಆ ಗ್ರಂಥದ ದಾರಿಯಲ್ಲಿಯೇ. ಆದರೆ ಅದರಲ್ಲಿ ಹುಟ್ಟಿನ ಹಕ್ಕು ಗಂಡುಮಕ್ಕಳದಾಗಿತ್ತು, ಹೆಣ್ಣುಮಕ್ಕಳದಲ್ಲ. ಆ ಕೊರತೆ ತುಂಬಲು ಒಂಬತ್ತು ಶತಮಾನ ಬೇಕಾಯಿತು. ಅದನ್ನು ಮುಂದೆ ಹೇಳುತ್ತೇವೆ.

3. ಶರಣರ ಮನೆಗಳಲ್ಲಿ

ಅರಮನೆಯ ಕಲ್ಯಾಣವನ್ನು ನೋಡಿದೆವು. ಈಗ ಶರಣರನ್ನು ನೋಡೋಣ.

ಬಸವಣ್ಣನವರ ಅಕ್ಕ ನಾಗಮ್ಮನವರು. ಉಪನಯನದ ಹೊತ್ತಿನಲ್ಲಿ, ಅಕ್ಕನಿಗೆ ಇಲ್ಲದ ಸಂಸ್ಕಾರ ತನಗೇಕೆ ಎಂದು ಬಾಲಕ ಬಸವಣ್ಣನವರು ಕೇಳಿ ಮನೆ ಬಿಟ್ಟರೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ನಾವು ಈ ಪ್ರಸಂಗವನ್ನು ಜಾತಿಮತಗಳ ವಿಚಾರಕ್ಕೆ ಬಳಸುತ್ತೇವೆ. ಮನೆಯ ವಿಚಾರಕ್ಕೆ ಬಳಸುವುದಿಲ್ಲ. ಮತ್ಸರಿಯಾದವನು, ಅವನಿಗೆ ಸಿಕ್ಕಿದ್ದು ನನಗೇಕೆ ಇಲ್ಲ ಎನ್ನುತ್ತಾನೆ. ಬಸವಣ್ಣನವರು, ನನಗೆ ಸಿಕ್ಕಿದ್ದು ಅವಳಿಗೇಕೆ ಇಲ್ಲ ಎಂದರು. ಒಡಹುಟ್ಟಿದವರ ಮತ್ಸರಕ್ಕೆ ಇದಕ್ಕಿಂತ ದೊಡ್ಡ ಮದ್ದು ನಮಗೆ ಗೊತ್ತಿಲ್ಲ. ಆ ಅಕ್ಕನ ಮಗನೇ ಚೆನ್ನಬಸವಣ್ಣನವರು. ಲಕ್ಕುಂಡಿಯ ಅಜಗಣ್ಣ ಮತ್ತು ಮುಕ್ತಾಯಕ್ಕ ಎಂಬ ಅಣ್ಣತಂಗಿಯರನ್ನೂ ನೆನೆಯಿರಿ. ಅಣ್ಣ ಅಗಲಿದಾಗ ಮುಕ್ತಾಯಕ್ಕ ಅವನನ್ನು ಒಡಹುಟ್ಟಿದವನೆಂದಷ್ಟೇ ಅಲ್ಲ, ಗುರುವೆಂದು ನೆನೆದು ದುಃಖಿಸಿದಳು. ಅವಳಿಗೂ ಅಲ್ಲಮಪ್ರಭುಗಳಿಗೂ ನಡೆದ ಸಂವಾದ 'ಶೂನ್ಯಸಂಪಾದನೆ'ಯಲ್ಲಿದೆ.

ಇನ್ನು ಗಂಡಹೆಂಡಿರ ಮಾತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ನೋಡಿ, ಇಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಹೋಗಿ ಸುರಿದು ಬಂದನು.

ಈ ಕತೆಯನ್ನು ಅತಿಯಾಸೆಗೆ ವಿರುದ್ಧವಾಗಿ ಹೇಳುವುದು ರೂಢಿ. ನಾವು ಇದರಲ್ಲಿ ಇನ್ನೂ ಮೂರು ಸಂಗತಿಗಳನ್ನು ಕಾಣುತ್ತೇವೆ. ಒಂದು: ಗಂಡ ತಂದ ಅಕ್ಕಿಯನ್ನು ಹೆಂಡತಿ ನೋಡಿದಳು, ಅಂದರೆ ಮನೆಗೆ ಏನು ಬಂತೆಂಬ ಲೆಕ್ಕ ಅವಳಿಗೆ ಕಾಣುವಂತಿತ್ತು. ಎರಡು: ಅವಳು ಕೇಳಿದಾಗ ಗಂಡ, ನಿನಗೇಕೆ ಬೇಕು ಈ ಉಸಾಬರಿ ಎನ್ನಲಿಲ್ಲ. ಮೂರು: ತಪ್ಪನ್ನು ತಿದ್ದಲು ಗಂಡನೇ ನಡೆದು ಹೋದನು. ಹೆಂಡತಿಯನ್ನು ಮುಂದೆ ಮಾಡಲಿಲ್ಲ. ನಾವು ಹೇಳಿದ ಮನೆಯಲ್ಲಿ ಈ ಮೂರೂ ಇರಲಿಲ್ಲ. ಲೆಕ್ಕ ಕಾಣುತ್ತಿರಲಿಲ್ಲ, ಕೇಳಿದರೆ ಸಿಟ್ಟು ಬರುತ್ತಿತ್ತು, ಅಣ್ಣನ ಎದುರಿಗೆ ಹೋಗಿ ನಿಲ್ಲುವ ಧೈರ್ಯ ಗಂಡನಿಗಿರಲಿಲ್ಲ.

ನಮ್ಮ ಧರ್ಮದ ತಿರುಳೂ ಇದೇ. ಲಿಂಗದೀಕ್ಷೆಯಲ್ಲಿ ಹಿರಿಯನಿಗೆ ದೊಡ್ಡ ಪಾಲು, ಕಿರಿಯನಿಗೆ ಸಣ್ಣ ಪಾಲು ಎಂಬುದಿಲ್ಲ. ಗಂಡಿಗೆ ಒಂದು, ಹೆಣ್ಣಿಗೆ ಅರ್ಧ ಎಂಬುದಿಲ್ಲ. ಅತ್ತೆಯ ಅಂಗೈಯಲ್ಲಿ ಲಿಂಗವಿದೆ, ಸೊಸೆಯ ಅಂಗೈಯಲ್ಲೂ ಲಿಂಗವಿದೆ. ಪೂಜೆಗೆ ಕೂತಾಗ ಸಮನಾದವರು ಪಡಸಾಲೆಗೆ ಬಂದ ಕೂಡಲೆ ಮೇಲುಕೀಳಾದರೆ, ಬೆಳಿಗ್ಗೆ ಮಾಡಿದ ಪೂಜೆಗೆ ಏನು ಅರ್ಥ ಉಳಿಯಿತು?

4. ಸಹನೆ ಎಲ್ಲಿಯವರೆಗೆ?

ಉಡುತಡಿಯ ಅಕ್ಕಮಹಾದೇವಿಯವರ ಕತೆಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಕೌಶಿಕ ರಾಜನು ಅವರನ್ನು ಬಯಸಿದನು. ಅವರು ಕೆಲವು ಮಾತುಗಳನ್ನು ಕೇಳಿ ಒಪ್ಪಿಸಿಕೊಂಡ ಮೇಲೆಯೇ ಆ ಮನೆಗೆ ಹೋದರು. ರಾಜನು ಕೊಟ್ಟ ಮಾತಿಗೆ ತಪ್ಪಿದಾಗ ಎಲ್ಲವನ್ನೂ ಬಿಟ್ಟು ಹೊರಟರು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಕವಿಗಳಲ್ಲಿ ಭೇದವಿದ್ದರೂ ಒಂದು ಮಾತು ಸ್ಪಷ್ಟ. ಎಂಥ ಮನೆಯಲ್ಲಾದರೂ ಹೇಗಾದರೂ ಇರಲೇಬೇಕೆಂದು ನಮ್ಮ ಪರಂಪರೆ ಹೆಣ್ಣಿಗೆ ಹೇಳಲಿಲ್ಲ. ಹೊರಟು ಬಂದವರನ್ನು ಅನುಭವಮಂಟಪ ಅಕ್ಕ ಎಂದು ಕರೆಯಿತು.

ಅಕ್ಕನವರು ಹೋದದ್ದು ಚೆನ್ನಮಲ್ಲಿಕಾರ್ಜುನನನ್ನು ಅರಸಿ, ಅದು ಬೇರೆ ಎತ್ತರದ ಮಾತು ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಕೊಟ್ಟ ಮಾತು ಮುರಿದ ಮೇಲೆ ಇರಬೇಕಾದ ಕಟ್ಟು ಉಳಿಯುವುದಿಲ್ಲ ಎಂಬ ನ್ಯಾಯ ಎರಡು ಕಡೆಗೂ ಒಂದೇ. ಸಾರು ಉಪ್ಪಾದರೆ, ಮಾತು ಬಿರುಸಾದರೆ ಸೈರಿಸಬಹುದು. ಹೊಡೆತವನ್ನು ಸೈರಿಸು ಎನ್ನುವುದು ಧರ್ಮವಲ್ಲ. ಮಠಕ್ಕೆ ಬಂದ ಹೆಣ್ಣುಮಗಳಿಗೆ ಇನ್ನು ಮುಂದೆ ನಾವು ಆ ಮಾತು ಹೇಳುವುದಿಲ್ಲ. ಊರಿನ ಹಿರಿಯರೂ ಹೇಳಬಾರದೆಂದು ಕೇಳಿಕೊಳ್ಳುತ್ತೇವೆ.

5. ಕಾನೂನಿನಲ್ಲಿ ಏನಿದೆ?

ಗಡಿಭಾಗದ ನಮ್ಮ ಭಕ್ತರು ಬೇರೆ ಬೇರೆ ರಾಜ್ಯಗಳಲ್ಲಿದ್ದಾರೆ. ಕಾಗದಪತ್ರದ ಹೆಸರು ಒಂದೊಂದು ಕಡೆ ಒಂದೊಂದು. ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರ, ರಾಯದುರ್ಗ ಆದವಾನಿಯ ಕಡೆ ಅಡಂಗಲ್ಲು, ಹೊಸೂರು ತಾಳವಾಡಿಯ ಕಡೆ ಪಟ್ಟಾ ಚಿಟ್ಟಾ. ಆದರೆ ಮೂಲ ಕಾಯ್ದೆ ಎಲ್ಲರಿಗೂ ಒಂದೇ. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಯಾರಿಗೆ ಅನ್ವಯಿಸುತ್ತವೆಂದು ಹೇಳುವ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆದ್ದರಿಂದ ಇದು ನಮಗೆ ಸಂಬಂಧವಿಲ್ಲವೆಂದು ಯಾರೂ ಹೇಳುವಂತಿಲ್ಲ.

ಹೆಣ್ಣುಮಕ್ಕಳ ಪಾಲು: ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಆಂಧ್ರಪ್ರದೇಶವು 1985ರಿಂದ, ತಮಿಳುನಾಡು 1989ರಿಂದ, ಮಹಾರಾಷ್ಟ್ರ ಮತ್ತು ಕರ್ನಾಟಕ 1994ರಿಂದ ಜಾರಿಗೆ ತಂದವು. ಆಗ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ತೆಗೆಯಿತು. ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ಪಾಲನ್ನು ಮಾತ್ರ ಈ ತಿದ್ದುಪಡಿ ಅಲುಗಾಡಿಸುವುದಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿಗೂ ಪಾಲುಂಟೆಂಬುದನ್ನು ಮರೆಯಬಾರದು.

ಬಂಗಾರ: ತವರಿನವರು ಕೊಟ್ಟ ಒಡವೆ ಸ್ತ್ರೀಧನ. ಅದು ಹೆಂಡತಿಯ ಸ್ವಂತದ್ದು, ಗಂಡನ ಮನೆಯವರ ಕೈಯಲ್ಲಿದ್ದರೂ ಅವರದಾಗುವುದಿಲ್ಲ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಅವಳ ಒಪ್ಪಿಗೆಯಿಂದ ಒತ್ತೆ ಇಟ್ಟರೂ ಅದು ಅವಳಿಂದ ಪಡೆದ ಸಾಲವೆಂದೇ ತಿಳಿಯಬೇಕು.

ಹೊಡೆತ ಬಡಿತ: ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಹೆಂಡತಿಗೆ ಕೊಡುತ್ತದೆ. ತೊಂದರೆಯಲ್ಲಿರುವ ಹೆಣ್ಣುಮಕ್ಕಳು 181 ಸಂಖ್ಯೆಗೆ ಫೋನು ಮಾಡಬಹುದು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರ ನೆರವು ದೊರೆಯುತ್ತದೆ.

ಕೋರ್ಟಿಗೆ ಹೋಗಿರೆಂದು ನಾವು ಯಾರನ್ನೂ ಹುರಿದುಂಬಿಸುತ್ತಿಲ್ಲ. ಆದರೆ ಕಾನೂನು ಕೊಟ್ಟದ್ದಕ್ಕಿಂತ ಕಡಿಮೆ ಕೊಟ್ಟು, ಅದನ್ನು ಮಠದ ಹೆಸರಿನಲ್ಲಿ ರಾಜಿ ಎಂದು ಕರೆಯುವುದು ನ್ಯಾಯವಲ್ಲ.

6. ಮನೆಯಲ್ಲಿ ಮಾಡತಕ್ಕದ್ದು

ವ್ಯಾಪಾರಸ್ಥರಾದ ನಮ್ಮ ಭಕ್ತರು ಗಿರಾಕಿಯ ಒಂದೊಂದು ಚೀಲವನ್ನೂ ಕೀರ್ದಿಯಲ್ಲಿ ಬರೆಯುತ್ತಾರೆ. ದೀಪಾವಳಿಗೆ ವಹಿ ಪೂಜೆ ಮಾಡುತ್ತಾರೆ. ಮನೆಯ ಲೆಕ್ಕಕ್ಕೆ ಮಾತ್ರ ವಹಿ ಇಲ್ಲ. ಆದ್ದರಿಂದ ಈ ಕೆಲವು ಮಾತುಗಳನ್ನು ಆಚರಣೆಗೆ ತನ್ನಿರಿ.

(ಅ) ಕೂಡಿದ ಮನೆಯಲ್ಲಿ ಒಂದು ವಹಿ ಇಡಿರಿ. ಹೊಲದ ಹುಟ್ಟುವಳಿ, ಅಂಗಡಿಯ ಆದಾಯ, ಸೊಸಾಯಿಟಿಯ ಸಾಲ, ಯಾರ ಮದುವೆಗೆ ಎಷ್ಟು, ಯಾರ ಓದಿಗೆ ಎಷ್ಟು, ಯಾರ ಒಡವೆ ಎಲ್ಲಿ ಎಂಬುದೆಲ್ಲ ಅದರಲ್ಲಿರಲಿ. ಬರೆಯುವುದು ಅಪನಂಬಿಕೆಯ ಗುರುತಲ್ಲ. ಬರೆಯದೆ ಬಿಟ್ಟದ್ದೇ ಮುಂದೆ ಅಪನಂಬಿಕೆಗೆ ಬೀಜವಾಗುತ್ತದೆ.

(ಆ) ವರ್ಷಕ್ಕೆ ಒಮ್ಮೆ, ರಾಶಿಯಾದ ಮೇಲೆ, ಅದನ್ನು ಎಲ್ಲರೆದುರು ಓದಿರಿ. ತಾಯಿ, ಸೊಸೆಯಂದಿರು, ದೊಡ್ಡ ಮಕ್ಕಳು ಕೂತಿರಲಿ. ಬಾಗಿಲ ಹಿಂದೆ ನಿಂತು ಕೇಳುವಂತಾಗಬಾರದು.

(ಇ) ಅಂಕಿಯಲ್ಲಿ ಬರೆಯಲಾಗದ ಋಣವನ್ನು ಬಾಯಿಬಿಟ್ಟು ಹೇಳಿರಿ. ತಮ್ಮನಿಗಾಗಿ ಸಾಲಿ ಬಿಟ್ಟವನ ಋಣವನ್ನು ಯಾವ ಗುಂಟೆಯಲ್ಲಿ ಅಳೆಯುತ್ತೀರಿ? ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ ಎಷ್ಟೋ ಭಾರ ಇಳಿಯುತ್ತದೆ.

(ಈ) ಅಣ್ಣನ ಮಾತನ್ನು ಹೆಂಡತಿಗೆ, ಹೆಂಡತಿಯ ಮಾತನ್ನು ಅಣ್ಣನಿಗೆ ಉಪ್ಪುಕಾರ ಹಚ್ಚಿ ಮುಟ್ಟಿಸಬೇಡಿ. "ಅಕಿ ಕೇಳಾಕತ್ತಾಳ" ಎಂದು ಹೆಂಡತಿಯನ್ನು ಮುಂದೆ ಮಾಡಬೇಡಿ. ಮಾತು ನ್ಯಾಯವಾಗಿದ್ದರೆ ನಿಮ್ಮ ಮಾತೆಂದೇ ಕೇಳಿರಿ.

(ಉ) ಬೇರೆಯಾಗುವುದು ಪಾಪವಲ್ಲ. ಹೊಗೆಯಾಡುತ್ತ ಒಂದೇ ಒಲೆ ಇಟ್ಟುಕೊಳ್ಳುವುದಕ್ಕಿಂತ, ನಗುನಗುತ್ತ ಎರಡು ಒಲೆ ಹೂಡುವುದು ಮೇಲು. ಆದರೆ ಬಾವಿಯ ನೀರಿನ ಪಾಳಿ, ಹೊಲದ ದಾರಿ, ತಾಯಿಯ ಯೋಗಕ್ಷೇಮ ಇವನ್ನು ಬರೆದುಕೊಂಡೇ ಬೇರೆಯಾಗಿರಿ. ಪಾಲಿನ ಪತ್ರವನ್ನು ನೋಂದಣಿ ಮಾಡಿಸಿರಿ.

(ಊ) ಪಂಚಮಿಗೆಂದು ಕರೆದು, ಉಂಡಿ ಕೊಟ್ಟು, ಸಂಜೆ ಹಕ್ಕುಸೋಡ ಪತ್ರಕ್ಕೆ ತಂಗಿಯ ಸಹಿ ತೆಗೆದುಕೊಳ್ಳಬೇಡಿ. ಪಾಲು ಬಿಡುವುದು, ಬಿಡದಿರುವುದು ಅವಳ ಇಷ್ಟ. ಬಿಟ್ಟರೆ ತಿಳಿದು ಬಿಡಲಿ. ಕೇಳಿದರೆ ಕೊಟ್ಟು, ಮರುವರ್ಷವೂ ಪಂಚಮಿಗೆ ಕರೆಯಿರಿ.

7. ಆ ಮನೆಯಲ್ಲಿ ಮುಂದೆ ಏನಾಯಿತು?

ಹೆಣ್ಣುಮಗಳು ತವರಿಗೆ ಹೋದ ಮೇಲೆ ನಮಗೆ ನಮ್ಮ ತಪ್ಪು ತಿಳಿಯಿತು. ಅಣ್ಣತಮ್ಮಂದಿರಿಬ್ಬರನ್ನೂ ಮಠಕ್ಕೆ ಕರೆಸಿದೆವು. ತಾಯಿಯೂ ಬಂದರು. ಮೊದಲ ದಿನ ಏನೂ ಆಗಲಿಲ್ಲ. ಇಬ್ಬರೂ ತಮ್ಮ ತಮ್ಮ ಬಿಲ್ಹಣನ ಹಾಡನ್ನೇ ಹಾಡಿದರು. ಎರಡನೆಯ ಸಲ ಒಂದು ಕೋರಾ ವಹಿ ಮುಂದಿಟ್ಟು, "ಯಾರೂ ವಾದ ಮಾಡಬ್ಯಾಡ್ರಿ, ಬರೇ ಬರೀರಿ" ಎಂದೆವು. ಅಂಗಡಿಯ ಮೂಲ ಬಂಡವಾಳ ಎರಡು ವರ್ಷದ ತೊಗರಿಯದೆಂದು ಬರೆಯಬೇಕಾಯಿತು. ಬಂಗಾರ ಆರು ತೊಲವೆಂದು ಬರೆಯಬೇಕಾಯಿತು. ಹಿರಿಯನ ಸಾಲಿಯ ಮಾತು ಬಂದಾಗ ಕಿರಿಯನು ಬರೆಯುವುದನ್ನು ನಿಲ್ಲಿಸಿ, "ಅಣ್ಣಾ, ನಿನ್ನ ಸಾಲಿ ಬಿಡಿಸಿ ನನ್ನ ಸಾಲಿ ನಡೀತು. ಇದನ್ನ ಇಷ್ಟ ವರ್ಸ ಬಾಯಾಗ ತರಲಿಲ್ಲ" ಎಂದನು. ಹಿರಿಯನು ಏನೂ ಆಡಲಿಲ್ಲ. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತನು.

ಬಂಗಾರವನ್ನು ರೊಕ್ಕದ ಲೆಕ್ಕದಲ್ಲಿ ಕೊಡುವುದಾಗಿ ಅಂದರು. ನಾವು ಒಪ್ಪಲಿಲ್ಲ. ತೂಕಕ್ಕೆ ತೂಕ ಬಂಗಾರವೇ ಬರಬೇಕೆಂದೆವು. ಎರಡು ಸುಗ್ಗಿಯಲ್ಲಿ ಅದು ಮುಟ್ಟಿತು. ಕಿರಿಯನು ಮಾವನ ಮನೆಗೆ ಹೋಗಿ, ಹಿರಿಯರ ಎದುರು ತಪ್ಪೊಪ್ಪಿಕೊಂಡನು. ಹೆಂಡತಿ ಕೂಡಲೆ ಬರಲಿಲ್ಲ. ತನ್ನ ಒಲೆ ಬೇರೆಯಾಗಬೇಕು, ಅಂಗಡಿಯ ವಹಿ ತನಗೂ ಕಾಣಬೇಕು ಎಂದಳು. ಇನ್ನೊಮ್ಮೆ ಕೈ ಎತ್ತಿದರೆ ನಾವೇ ಅವಳ ಪರವಾಗಿ ಸಾಕ್ಷಿ ನುಡಿಯುತ್ತೇವೆಂದು ಗಂಡನಿಗೆ ಅವಳೆದುರೇ ಹೇಳಿದೆವು. ಆರು ತಿಂಗಳ ಮೇಲೆ ಅವಳು ಬಂದಳು. ಗಾಯ ಪೂರ್ತಿ ಮಾಯಿತೆಂದು ನಾವು ಹೇಳುವುದಿಲ್ಲ. ಆದರೆ ಈಗ ರಾಶಿಯಾದ ಮೇಲೆ ಪಟ್ಟಿಯನ್ನು ಗಂಡನು ತಾನಾಗಿಯೇ ತಂದು ಅವಳ ಮುಂದಿಡುತ್ತಾನೆಂದು ಕೇಳಿದ್ದೇವೆ.

ತಂಗಿಯು ತನ್ನ ಪಾಲು ಕೇಳಿದಳು. ಹಿರಿಯನಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಕೊಟ್ಟನು, ಆದರೆ ಮಾತು ಬಿಟ್ಟನು. ಆ ವರ್ಷ ಪಂಚಮಿಗೆ ಅವಳನ್ನು ಕರೆತರಲು ಕಿರಿಯನೊಬ್ಬನೇ ಹೋದನು. ಮರುವರ್ಷ ನಾವು ಆ ಊರಿಗೆ ಹೋದಾಗ, ಹಿರಿಯನು ಮನೆಯಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದೆವು. "ತಂಗೀನ ಕರ್ಕೊಂಡು ಬರಾಕ ಇಂಡಿಗೆ ಹೋಗ್ಯಾನ್ರಿ" ಎಂದು ತಾಯಿ ಹೇಳಿದರು.

ಮನೆಮಂದಿ ಕೂಡಿ ಚಿಂತಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಬರೆಯದೆ ಉಳಿದ ಲೆಕ್ಕ ಯಾವುದು? ಅದು ಯಾರ ಮನಸ್ಸಿನಲ್ಲಿ ಕುದಿಯುತ್ತಿದೆ?

2. ಒಡಹುಟ್ಟಿದವರಲ್ಲಿ ಯಾರ ಋಣವನ್ನು ನಾವು ಇನ್ನೂ ಬಾಯಿಬಿಟ್ಟು ಹೇಳಿಲ್ಲ?

3. ಮನೆಗೆ ಬಂದ ಸೊಸೆಯ ಒಡವೆ ಈಗ ಎಲ್ಲಿದೆ? ಅದು ಅವಳಿಗೆ ಗೊತ್ತಿದೆಯೆ?

4. ಮಾರಯ್ಯನಂತೆ ಹೆಂಡತಿಯ ನ್ಯಾಯವಾದ ಮಾತು ಕೇಳಿ ನಾವು ಎಂದಾದರೂ ತಪ್ಪನ್ನು ತಿದ್ದಿಕೊಂಡದ್ದುಂಟೆ?

ಈ ಪಾಠವನ್ನು ಒಬ್ಬರೇ ಓದಿ ಮಡಿಚಿಡಬೇಡಿ. ಸೋಮವಾರ ಸಂಜೆ ಪೂಜೆಯ ನಂತರ ಎಲ್ಲರೂ ಕೂತಾಗ, ಮನೆಯ ಹೆಣ್ಣುಮಕ್ಕಳ ಕೈಯಿಂದ ಓದಿಸಿರಿ. ಲೆಕ್ಕ ತಿಳಿಯಾದ ಮನೆಯಲ್ಲಿ ಮನಸ್ಸು ತಿಳಿಯಾಗುತ್ತದೆ.